ಗೇಮ್ ಡಿಸೈನರ್ ಆಗ್ಬೇಕು ಅಂತಿರೋ ಮಾಸ್ಟರ್ಸ್ ಸ್ಟೂಡೆಂಟ್ಸ್‌ಗೆ: ಐದು ದಾರೀಲಿ ನಿಮ್ದು ಯಾವ್ದು?

ಮಾಸ್ಟರ್ಸ್‌ಗೆ ಸೇರಿರೋರು, ಸೇರ್ಬೇಕು ಅಂತಿರೋರು ಈ ವಿಷ್ಯದಲ್ಲಿ ಕೇಳೋ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಗೇಮ್ ಡಿಸೈನ್‌ಗೇ ಅಂತ ಇರೋ ಕೋರ್ಸ್‌ಗೆ ಸೇರೋದಾ, ಈಗ ಓದ್ತಿರೋ ಕಂಪ್ಯೂಟರ್ ಸೈನ್ಸನ್ನೋ ಸೈಕಾಲಜಿಯನ್ನೋ ಮುಗಿಸ್ಕೊಂಡು ಅದ್ರೊಳಗೇ ದಾರಿ ಮಾಡ್ಕೊಳ್ಳೋದಾ, ಪಿಎಚ್‌ಡಿ ಕಡೆ ಹೋಗೋದಾ, ಯಾವ್ದಾದ್ರೂ ಸ್ಟುಡಿಯೊದಲ್ಲಿ ಸಿಕ್ಕಿದ ಕೆಲಸ ಹಿಡ್ಕೊಂಡು ನಿಧಾನಕ್ಕೆ ಡಿಸೈನ್ ಕಡೆ ಸರ್ಕೊಳ್ಳೋದಾ, ಇಲ್ಲಾ ಎಲ್ಲ ಬಿಟ್ಟು ಸ್ವಂತ ಗೇಮ್ ಮಾಡೋಕೆ ಕೂತ್ಬಿಡೋದಾ. ಈ ಐದೂ ದಾರೀಲಿ ಹೋಗಿ ಡಿಸೈನರ್ ಆದೋರು ಇದ್ದಾರೆ, ಅದಕ್ಕೇ ಆಯ್ಕೆ ಇಷ್ಟು ತಲೆ ತಿನ್ನೋದು.

ಡಿಸೈನರ್ ಅಂದ್ರೆ ಐಡಿಯಾ ಕೊಡೋರು ಅಂತ ತುಂಬ ಜನ ಅಂದ್ಕೊಂಡಿರ್ತಾರೆ. ಐಡಿಯಾ ಸ್ಟುಡಿಯೊದಲ್ಲಿ ಎಲ್ಲರ ಹತ್ರಾನೂ ಇರುತ್ತೆ, ಅದನ್ನ ಆಡೋಕೆ ಚೆನ್ನಾಗಿರೋ ಹಾಗೆ ಮಾಡೋದು ಡಿಸೈನರ್ ಕೆಲಸ. 2018ರಲ್ಲಿ ಬಂದ ಸೆಲೆಸ್ಟ್ ಆಡಿದೀರಾ? ಅದ್ರಲ್ಲಿ ಬಂಡೆ ಅಂಚು ದಾಟಿ ಕಾಲು ಗಾಳೀಲಿ ಇದ್ರೂ ಸುಮಾರು 0.1 ಸೆಕೆಂಡ್‌ನಷ್ಟು ಹೊತ್ತು ಜಂಪ್ ಬಟನ್ ಕೆಲಸ ಮಾಡುತ್ತೆ. ಆಡ್ತಿರೋರಿಗೆ ಇದು ಗೊತ್ತೇ ಆಗಲ್ಲ, ಸರಿಯಾದ ಟೈಮಿಗೆ ಒತ್ತಿದೆ ಅಂತಾನೇ ಅನ್ಸುತ್ತೆ. ಆ ಸಮಯ ತೀರಾ ಕಮ್ಮಿ ಮಾಡಿದ್ರೆ ಗೇಮ್ ಮೋಸ ಮಾಡ್ತಿದೆ ಅನ್ಸುತ್ತೆ, ಜಾಸ್ತಿ ಮಾಡಿದ್ರೆ ಜಂಪಲ್ಲಿ ಬಿಗಿ ಇರಲ್ಲ. ಇಂಥ ನೂರಾರು ಸಣ್ಣ ತೀರ್ಮಾನ ಸೇರಿದ್ರೇನೇ ಒಂದು ಗೇಮ್. ಆ ತೀರ್ಮಾನ ಮಾಡೋ ಕಣ್ಣು ಬರೀ ಓದಿ ಬರೋದಲ್ಲ, ಮಾಡಿ, ಬೇರೆಯವರ ಕೈಗೆ ಕೊಟ್ಟು, ಅವರು ಎಲ್ಲಿ ಎಡವ್ತಾರೆ ಅಂತ ಬಾಯಿ ಮುಚ್ಕೊಂಡು ನೋಡಿ, ಮತ್ತೆ ಬದಲಾಯಿಸಿ ಬರೋದು.

ಏನು ನೋಡಿ ತೂಗ್ಬೇಕು

ಹಾಗಾಗಿ ನಾನು ಎಲ್ಲಕ್ಕಿಂತ ಮುಂಚೆ ಕೇಳೋದು ಇದು: ಈ ದಾರೀಲಿ ಎರಡು ವರ್ಷ ಕಳೆದ್ರೆ ನಿಮ್ಮ ಕೈಯಲ್ಲಿ ಎಷ್ಟು ಗೇಮ್ ಮುಗಿದಿರುತ್ತೆ, ಎಷ್ಟು ಜನ ಗುರುತು ಪರಿಚಯ ಇಲ್ಲದೋರು ಅದನ್ನ ಆಡಿರ್ತಾರೆ? ಅರ್ಧಂಬರ್ಧ ಬಿಟ್ಟಿರೋ ಹತ್ತು ಪ್ರಾಜೆಕ್ಟ್‌ಗಿಂತ ಹತ್ತು ನಿಮಿಷದಲ್ಲಿ ಆಡಿ ಮುಗಿಸೋ ಒಂದು ಪುಟ್ಟ ಗೇಮ್ ಎಷ್ಟೋ ಮೇಲು. ಬೇರೆ ಯಾವ ಅಳತೆಗಿಂತಲೂ ಇದಕ್ಕೆ ನಾನು ಎರಡು ಪಟ್ಟು ಬೆಲೆ ಕೊಡ್ತೀನಿ.

ಎರಡನೇದು ತಂಡ. ಆರ್ಟಿಸ್ಟ್, ಪ್ರೋಗ್ರಾಮರ್, ಸೌಂಡ್ ಮಾಡೋರ ಜೊತೆ ಜಗಳ ಆಡ್ಕೊಂಡು ಒಟ್ಟಿಗೆ ಒಂದು ಕೆಲಸ ದಡ ಸೇರ್ಸೋದು ಬಂದಿದ್ಯಾ ಅಂತ ಸ್ಟುಡಿಯೊದೋರು ನೋಡೇ ನೋಡ್ತಾರೆ. ಮೂರನೇದು ದುಡ್ಡು ಮತ್ತು ಟೈಮು, ಅಂದ್ರೆ ಫೀಸ್ ಮಾತ್ರ ಅಲ್ಲ, ಎಷ್ಟು ತಿಂಗಳು ಸಂಪಾದನೆ ಇಲ್ಲದೆ ಇರಬಲ್ಲಿರಿ, ಸಾಲ ಇದ್ರೆ ಕಂತು ಯಾವಾಗಿಂದ ಶುರು, ಮನೇಲಿ ನಿಮ್ಮನ್ನ ನಂಬ್ಕೊಂಡಿರೋರು ಇದ್ದಾರಾ ಅನ್ನೋದೆಲ್ಲ.

ನಾಲ್ಕನೇದನ್ನ ಕನಸಲ್ಲಿರೋವಾಗ ಯಾರೂ ಯೋಚ್ನೆ ಮಾಡಲ್ಲ: ಗೇಮ್ ಇಂಡಸ್ಟ್ರಿ ಕೈ ಕೊಟ್ರೆ ಆ ಓದು ಬೇರೆ ಎಲ್ಲಿ ನಡೆಯುತ್ತೆ? ಇದು ಸುಮ್ನೆ ಹೆದರಿಸೋ ಮಾತಲ್ಲ. 2024ರ ಜನವರೀಲಿ ಮೈಕ್ರೋಸಾಫ್ಟ್ ತನ್ನ ಗೇಮಿಂಗ್ ವಿಭಾಗದಲ್ಲಿ 1,900 ಜನರನ್ನ ತೆಗೀತೀವಿ ಅಂತು, ಮುಂದಿನ ತಿಂಗಳೇ ಸೋನಿ ಪ್ಲೇಸ್ಟೇಷನ್ ಕಡೆಯಿಂದ ಸುಮಾರು 900 ಜನ. ಹಾಗೆ ಹೊರಗೆ ಬಂದ ಅನುಭವಸ್ಥರೂ ಹೊಸಬರೂ ಒಂದೇ ಕೆಲಸಕ್ಕೆ ಅರ್ಜಿ ಹಾಕ್ತಾರೆ, ಅದ್ರಲ್ಲೂ ಹೊಸಬರಿಗೆ ಅಂತ ಇರೋ ಡಿಸೈನ್ ಹುದ್ದೆಗಳು ಮೊದಲಿಂದಾನೂ ಪ್ರೋಗ್ರಾಮಿಂಗ್ ಹುದ್ದೆಗಳಿಗಿಂತ ಕಮ್ಮಿ.

ಕೊನೇದು, ಯಾವ ಡಿಸೈನ್? ಜಾಗ ಕಟ್ಟೋ ಲೆವೆಲ್ ಡಿಸೈನ್, ನಿಯಮ ಮತ್ತು ನಂಬರ್‌ಗಳ ಸಿಸ್ಟಮ್ ಡಿಸೈನ್, ಕಥೆಯ ನರೇಟಿವ್ ಡಿಸೈನ್, ಗೇಮ್ ಒಳಗಿನ ದುಡ್ಡುಕಾಸಿನ ಎಕಾನಮಿ ಡಿಸೈನ್, ಸ್ಕ್ರಿಪ್ಟ್ ಬರ್ಕೊಂಡು ಇಂಜಿನ್ (ಗೇಮ್ ಕಟ್ಟೋ ಸಾಫ್ಟ್‌ವೇರ್) ಒಳಗೇ ಕೂತಿರೋ ಟೆಕ್ನಿಕಲ್ ಡಿಸೈನ್, ಇವೆಲ್ಲ ಬೇರೆಬೇರೆ ಕೆಲಸ. ಯಾವ್ದು ನಿಮ್ದು ಅಂತ ಈಗ್ಲೇ ಗೊತ್ತಿಲ್ಲದಿದ್ರೂ ಪರ್ವಾಗಿಲ್ಲ, ಆದ್ರೆ ಗೊತ್ತಿದ್ರೆ ಮುಂದಿನ ಆಯ್ಕೆ ಸಲೀಸು.

ಗೇಮ್‌ಗೇ ಮೀಸಲಾದ ಮಾಸ್ಟರ್ಸ್

ನ್ಯೂಯಾರ್ಕ್ ಯೂನಿವರ್ಸಿಟಿಯ ಗೇಮ್ ಸೆಂಟರ್ ಎರಡು ವರ್ಷದ ಎಂಎಫ್‌ಎ (ಮಾಸ್ಟರ್ ಆಫ್ ಫೈನ್ ಆರ್ಟ್ಸ್) ಕೊಡುತ್ತೆ, ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್‌ನಲ್ಲಿ ಎಂಟರ್‌ಟೈನ್‌ಮೆಂಟ್ ಟೆಕ್ನಾಲಜಿ ಸೆಂಟರ್ ಇದೆ, ಲಾಸ್ ಏಂಜಲೀಸ್‌ನ ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟೀಲಿ, ಡೆನ್ಮಾರ್ಕ್‌ನ ಐಟಿ ಯೂನಿವರ್ಸಿಟಿ ಆಫ್ ಕೋಪನ್‌ಹೇಗನ್‌ನಲ್ಲಿ ಕೂಡ ಗೇಮ್‌ಗೇ ಅಂತ ಕೋರ್ಸ್ ಇದೆ. ನನ್ನ ಮೊದಲ ಎರಡು ಅಳತೇಲಿ ಇಂಥ ಕೋರ್ಸನ್ನ ಹಿಂದೆ ಹಾಕೋದು ಕಷ್ಟ. ಕಾರ್ನೆಗಿ ಮೆಲನ್‌ನಲ್ಲಿ ರ‍್ಯಾಂಡಿ ಪಾಶ್ ಶುರು ಮಾಡಿದ ಬಿಲ್ಡಿಂಗ್ ವರ್ಚುವಲ್ ವರ್ಲ್ಡ್ಸ್ ಅನ್ನೋ ಕ್ಲಾಸಲ್ಲಿ ಕೆಲವೇ ವಾರಕ್ಕೊಂದು ಪ್ರಾಜೆಕ್ಟ್, ಪ್ರತಿ ಸಲ ತಂಡ ಬದ್ಲಾಗುತ್ತೆ. ಇವತ್ತು ಯಾರ ಜೊತೆ ಹೊಂದಾಣಿಕೆ ಆಯ್ತೋ ನಾಳೆ ಅವರಿಲ್ಲ, ಹೊಸಬರ ಜೊತೆ ಶುರುವಿಂದ ಶುರು. ಒಂದೇ ಸೆಮಿಸ್ಟರಲ್ಲಿ ಇಷ್ಟು ಸಲ ಶುರು ಮಾಡಿ ಮುಗಿಸೋ ಅಭ್ಯಾಸ ಒಬ್ಬರೇ ಮನೇಲಿ ಕೂತ್ರೆ ಬರೋದು ಅಪರೂಪ.

ಜೊತೆಗೆ ಸಿಗೋ ಜನ. ಜೆನೋವಾ ಚೆನ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಎಂಎಫ್‌ಎ ಥೀಸಿಸ್ ಆಗಿ ಮಾಡಿದ್ದು ಫ್ಲೋ ಅನ್ನೋ ಗೇಮ್, ಅದೇ ವರ್ಷ, 2006ರಲ್ಲಿ, ಅಲ್ಲೇ ಓದ್ತಿದ್ದ ಕೆಲ್ಲಿ ಸ್ಯಾಂಟಿಯಾಗೊ ಜೊತೆ ದಟ್‌ಗೇಮ್‌ಕಂಪನಿ ಕಟ್ಟಿದ್ರು, 2012ರಲ್ಲಿ ಅವರ ಜರ್ನಿ ಅನ್ನೋ ಗೇಮ್ ಬಂತು. ಕೋರ್ಸ್ ಅವರಿಗೆ ಮುಖ್ಯವಾಗಿ ಕೊಟ್ಟಿದ್ದು ಜೊತೆಗಾರರನ್ನ ಅಂತ ನಂಗನ್ಸುತ್ತೆ.

ಇನ್ನು ಇದರ ಬೆಲೆ. ಫೀಸ್ ದೊಡ್ಡದು, ಎರಡು ವರ್ಷ ಸಂಪಾದನೆ ಇರಲ್ಲ, ಪಿಎಚ್‌ಡಿಗೆ ಸಿಗೋ ಹಾಗೆ ಫಂಡಿಂಗ್ ಸಿಗೋದು ಕಮ್ಮಿ. ಗೇಮ್ ಡಿಸೈನ್ ಅಂತ ಇರೋ ಡಿಗ್ರಿ ಹಿಡ್ಕೊಂಡು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸಕ್ಕೆ ಹೋದ್ರೆ ಅಲ್ಲಿರೋರಿಗೆ ನೀವೇನು ಮಾಡಬಲ್ಲಿರಿ ಅಂತ ಬಿಡಿಸಿ ಹೇಳ್ಬೇಕಾಗುತ್ತೆ. ಇನ್ನೊಂದು ಸಮಸ್ಯೆ, ಗೇಮ್ ಅಂತ ಹೆಸರಿಟ್ಕೊಂಡ ಎಲ್ಲ ಕೋರ್ಸೂ ಒಂದೇ ಥರ ಇಲ್ಲ, ಕೆಲವು ಕಡೆ ಹಳೇ ಸಿಲಬಸ್‌ಗೇ ಹೊಸ ಹೆಸರು ಅಂಟಿಸಿರ್ತಾರೆ. ಅದಕ್ಕೆ ಸೀಟು ಒಪ್ಕೊಳ್ಳೋಕೆ ಮುಂಚೆ ಅಲ್ಲಿ ಓದಿ ಹೊರಗೆ ಬಂದ ಇಬ್ಬರು ಮೂವರನ್ನ ಹುಡುಕಿ ಮಾತಾಡಿ. ಬ್ರೋಷರಲ್ಲಿ ಇರೋ ಪ್ಲೇಸ್‌ಮೆಂಟ್ ಪರ್ಸೆಂಟೇಜ್ ಕೇಳ್ಬೇಡಿ, ಹೋದ ಮೂರು ಬ್ಯಾಚಿನೋರು ಈಗ ಎಲ್ಲಿ, ಯಾವ ಹುದ್ದೇಲಿ ಇದ್ದಾರೆ ಅಂತ ಕೇಳಿ. ಪಾಠ ಮಾಡೋರು ಗೇಮ್ ಬಿಡುಗಡೆ ಮಾಡಿದೋರಾ, ಓದೋ ಟೈಮಲ್ಲಿ ಮಾಡಿದ ಗೇಮಿನ ಹಕ್ಕು ಸ್ಟೂಡೆಂಟ್‌ಗೆ ಇರುತ್ತಾ ಯೂನಿವರ್ಸಿಟಿಗೆ ಹೋಗುತ್ತಾ, ಒಂದು ತಂಡದಲ್ಲಿ ಡಿಸೈನರ್ ಅಂತ ಎಷ್ಟು ಜನಕ್ಕೆ ಜಾಗ ಇದೆ, ಇದನ್ನೂ ಕೇಳಿ. ಕೊನೇ ಪ್ರಶ್ನೆ ತುಂಬ ಮುಖ್ಯ, ಯಾಕಂದ್ರೆ ಎಲ್ಲರೂ ಡಿಸೈನರ್ ಆಗೋಕೆ ಬಂದಿರ್ತಾರೆ, ಕೋಡ್ ಬರೆಯೋರೇ ಇಲ್ಲದ ತಂಡ ಸಿಕ್ರೆ ಆ ಸೆಮಿಸ್ಟರ್ ನೀರಲ್ಲಿ ಹೋಮ.

ಈಗಿರೋ ಮಾಸ್ಟರ್ಸಲ್ಲೇ ದಾರಿ ಮಾಡ್ಕೊಳ್ಳೋದು

ಇದನ್ನ ಜನ ಎರಡನೇ ದರ್ಜೆ ಆಯ್ಕೆ ಅಂತ ನೋಡ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಕಂಪ್ಯೂಟರ್ ಸೈನ್ಸ್ ಓದ್ತಿರೋರು ಗೇಮ್‌ಪ್ಲೇ ಪ್ರೋಗ್ರಾಮರ್ ಇಲ್ಲಾ ಟೆಕ್ನಿಕಲ್ ಡಿಸೈನರ್ ಆಗೋಕೆ ಅರ್ಧ ದಾರಿ ನಡೆದಾಗಿದೆ. ಆರ್ಕಿಟೆಕ್ಚರ್ ಓದಿದೋರಿಗೆ ಜಾಗ, ಬೆಳಕು, ಕಣ್ಣು ಎಲ್ಲಿಗೆ ಹೋಗುತ್ತೆ ಅನ್ನೋದು ಕೈಯಲ್ಲೇ ಇರುತ್ತೆ, ಲೆವೆಲ್ ಡಿಸೈನ್‌ಗೆ ಅದೇ ಬಂಡವಾಳ. ಎಕನಾಮಿಕ್ಸ್, ಸ್ಟಾಟಿಸ್ಟಿಕ್ಸ್‌ನೋರಿಗೆ ಎಕಾನಮಿ ಡಿಸೈನ್ ಇದೆ. ಇಂಡಸ್ಟ್ರಿ ಕೈ ಕೊಟ್ರೂ ಈ ಡಿಗ್ರಿಗಳು ಬೇರೆ ಕಡೆ ನಡೀತವೆ, ನಾಲ್ಕನೇ ಅಳತೇಲಿ ಇದಕ್ಕೆ ಸರಿಸಾಟಿ ಇಲ್ಲ. ಖರ್ಚೂ ಹೊಸದಾಗಿ ಏನಿಲ್ಲ.

ಥೀಸಿಸ್‌ನೇ ಗೇಮ್ ಮಾಡ್ಬಹುದು ಅನ್ನೋದು ತುಂಬ ಜನಕ್ಕೆ ಹೊಳೆಯಲ್ಲ. 2008ರಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯಿಂದ ಬಂದ ಫೋಲ್ಡಿಟ್, ಪ್ರೋಟೀನ್ ಹೇಗೆ ಮಡಚ್ಕೊಳ್ಳುತ್ತೆ ಅಂತ ಹುಡುಕೋ ಪಝಲ್ ಗೇಮ್, ಅದ್ರ ಮುಖ್ಯ ಡಿಸೈನ್ ಮಾಡಿದ ಸೆತ್ ಕೂಪರ್ ಆಗ ಅಲ್ಲಿನ ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಪಿಎಚ್‌ಡಿ ಸ್ಟೂಡೆಂಟ್. ಆಮೇಲೆ ಅದನ್ನ ಆಡಿದೋರ ಕೆಲಸದ ಬಗ್ಗೆ 2010ರಲ್ಲಿ ನೇಚರ್ ಪತ್ರಿಕೇಲಿ ಲೇಖನಾನೇ ಬಂತು. ಅಷ್ಟು ದೊಡ್ಡದು ಆಗ್ಬೇಕು ಅಂತಿಲ್ಲ. ಗೈಡ್‌ಗೆ ಪೇಪರ್ ಬೇಕು, ನಿಮಗೆ ಗೇಮ್ ಬೇಕು, ಇವೆರಡೂ ಸಿಗೋ ಪ್ರಶ್ನೆ ಒಂದನ್ನ ಹುಡುಕಿ, ಉದಾಹರಣೆಗೆ ಗೇಮ್ ಕಲಿಸೋ ರೀತಿ ಬದಲಾಯಿಸಿದ್ರೆ ಮೊದಲ ಐದು ನಿಮಿಷದಲ್ಲಿ ಬಿಟ್ಟು ಹೋಗೋರು ಕಮ್ಮಿ ಆಗ್ತಾರಾ ಅಂತ, ಎರಡು ಥರದ ಟ್ಯುಟೋರಿಯಲ್ ಮಾಡಿ ಎರಡು ಗುಂಪಿಗೆ ಆಡಿಸಿ ನೋಡೋದು. ಅಲ್ಲಿಗೆ ಪ್ಲೇಟೆಸ್ಟೂ ಆಯ್ತು, ಥೀಸಿಸ್ಸೂ ಆಯ್ತು.

ತೊಂದ್ರೆ ಏನಂದ್ರೆ, ಇಲ್ಲಿ ತಂಡ ತಾನಾಗಿ ಸಿಗಲ್ಲ, ಗೇಮ್ ಮುಗಿಸೋಕೆ ಡೆಡ್‌ಲೈನ್ ಕೊಡೋರೂ ಇಲ್ಲ, ಪರೀಕ್ಷೆ ಬಂದ್ರೆ ಮೊದಲು ಹಿಂದೆ ಹೋಗೋದೇ ಗೇಮು. ಅದಕ್ಕೆ ಔಷಧಿ ಗೇಮ್ ಜಾಮ್, ಅಂದ್ರೆ ಕೆಲವೇ ದಿನದೊಳಗೆ ಒಂದು ಗೇಮ್ ಮಾಡಿ ಮುಗಿಸೋ ಕೂಟ. ಜನವರಿ ಕೊನೇಲಿ ನಡೆಯೋ ಗ್ಲೋಬಲ್ ಗೇಮ್ ಜಾಮ್ 2009ರಿಂದ ಇದೆ, ಲುಡಮ್ ಡೇರ್ 2002ರಿಂದ, ಚಿಕ್ಕ ಗೇಮ್‌ಗಳನ್ನ ಹಾಕೋ ವೆಬ್‌ಸೈಟ್ ಇಚ್ ಡಾಟ್ ಐಓದಲ್ಲಂತೂ ಯಾವಾಗ ನೋಡಿದ್ರೂ ಯಾವ್ದೋ ಒಂದು ಜಾಮ್ ನಡೀತಾನೇ ಇರುತ್ತೆ. ಸೆಲೆಸ್ಟ್‌ನ ಮೂಲ ರೂಪ ಕೂಡ 2015ರಲ್ಲಿ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ‍್ರಿ ನಾಲ್ಕೇ ದಿನದಲ್ಲಿ ಜಾಮ್‌ಗೆ ಅಂತ ಮಾಡಿದ್ದು. ಸೆಮಿಸ್ಟರ್‌ಗೆ ಒಂದು ಜಾಮ್, ಪ್ರತಿ ಸಲ ಆರ್ಟ್ ಇಲ್ಲಾ ಮ್ಯೂಸಿಕ್ ವಿಭಾಗದ ಒಬ್ಬ ಹೊಸಬರನ್ನ ಕರ್ಕೊಂಡು ಹೋದ್ರೆ ಮಾಸ್ಟರ್ಸ್ ಮುಗಿಯೋ ಹೊತ್ತಿಗೆ ತಂಡದ ಪ್ರಶ್ನೆಗೆ ನಿಮ್ಮ ಹತ್ರ ಉತ್ತರ ಇರುತ್ತೆ.

ಪಿಎಚ್‌ಡಿ

ಡಿಸೈನರ್ ಆಗೋಕೆ ಅಂತ ಪಿಎಚ್‌ಡಿ ಬೇಡ. ಆದ್ರೆ ಜನ ಹೇಗೆ ಆಡ್ತಾರೆ, ಯಾಕೆ ಬಿಡ್ತಾರೆ ಅನ್ನೋದೇ ನಿಮ್ಮ ಹುಚ್ಚು ಅಂದ್ರೆ ಯೂಸರ್ ರಿಸರ್ಚ್ ಅನ್ನೋ ಕೆಲಸ ಇದೆ, ಅಲ್ಲಿ ಸೈಕಾಲಜಿ ಓದಿದೋರಿಗೆ ಬೆಲೆ ಇದೆ. ಹಾಲೊ 3 ಅನ್ನೋ ಶೂಟಿಂಗ್ ಗೇಮ್ ಬರೋ ಮುಂಚೆ, 2007ರಲ್ಲಿ, ಮೈಕ್ರೋಸಾಫ್ಟ್‌ನ ಲ್ಯಾಬಲ್ಲಿ ಸುಮಾರು 600 ಸಾಮಾನ್ಯ ಆಟಗಾರರು ಆಡಿದ 3,000 ಗಂಟೆಗೂ ಜಾಸ್ತಿ ಆಟಾನ ಅಳೆದು ನೋಡಿದ್ರು, ಮ್ಯಾಪಲ್ಲಿ ಎಲ್ಲೆಲ್ಲಿ ಸಾಯ್ತಾರೆ ಅಂತ ಗುರುತು ಹಾಕಿ ಲೆವೆಲ್ ತಿದ್ದಿದ್ರು. ಆ ತಂಡ ನಡೆಸಿದ್ದು ಸೈಕಾಲಜೀಲಿ ಪಿಎಚ್‌ಡಿ ಮಾಡಿದ ರ‍್ಯಾಂಡಿ ಪಗುಲಾಯನ್. ಫಂಡಿಂಗ್ ಸಿಗೋದು, ಪಾಠ ಹೇಳೋ ಕೆಲಸಕ್ಕೂ ಬಾಗಿಲು ತೆರೆಯೋದು ಇದರ ಲಾಭ, ನಾಲ್ಕೈದು ವರ್ಷ ಹೋಗೋದು ನಷ್ಟ.

ಸ್ಟುಡಿಯೊಗೆ ಪಕ್ಕದ ಬಾಗಿಲಿಂದ

ಪ್ರೋಗ್ರಾಮರ್ ಆಗಿ, ಟೆಸ್ಟರ್ ಆಗಿ, ಪ್ರೊಡಕ್ಷನ್ ಅಸಿಸ್ಟೆಂಟ್ ಆಗಿ ಒಳಗೆ ಹೋಗಿ ಆಮೇಲೆ ಡಿಸೈನ್‌ಗೆ ಹೋಗೋದು ತುಂಬ ಹಳೇ ದಾರಿ. ಸಂಬಳ ಬರುತ್ತೆ, ನಿಜವಾದ ಗೇಮ್ ಹೇಗೆ ಮುಗಿಯುತ್ತೆ ಅನ್ನೋದನ್ನ ಕಣ್ಣಾರೆ ನೋಡ್ತೀರ, ರೆಸ್ಯೂಮೇಲಿ ಬಿಡುಗಡೆ ಆದ ಗೇಮಿನ ಹೆಸರು ಕೂರುತ್ತೆ, ಅದು ಡಿಸೈನ್ ಇಂಟರ್‌ವ್ಯೂಗಳಲ್ಲಿ ಬಹಳ ಕೆಲಸಕ್ಕೆ ಬರುತ್ತೆ.

ಪ್ರೋಗ್ರಾಮರಿಗೂ ಟೆಸ್ಟರಿಗೂ ಇಲ್ಲಿ ವ್ಯತ್ಯಾಸ ಜಾಸ್ತಿ. ಟೆಸ್ಟಿಂಗ್ ಕೆಲಸ ಎಷ್ಟೋ ಕಡೆ ಕಾಂಟ್ರಾಕ್ಟ್ ಮೇಲೆ, ಸಂಬಳ ಕಮ್ಮಿ, ಕೆಲವು ಸ್ಟುಡಿಯೊದಲ್ಲಿ ಟೆಸ್ಟರ್‌ಗಳು ಡಿಸೈನರ್ ಜೊತೆ ಕೂತು ಮಾತಾಡೋಕೂ ಅವಕಾಶ ಇರಲ್ಲ. ಮಾಸ್ಟರ್ಸ್ ಮಾಡಿದೋರು ಇದಕ್ಕೆ ಹೋಗೋದಾದ್ರೆ ಇಂಟರ್‌ವ್ಯೂನಲ್ಲೇ ಕೇಳ್ಬಿಡಿ, ಹೋದ ವರ್ಷ ಈ ಟೀಮಿಂದ ಯಾರಾದ್ರೂ ಡಿಸೈನ್‌ಗೆ ಹೋಗಿದ್ದಾರಾ ಅಂತ. ಇದ್ದಾರೆ ಅಂದ್ರೆ ಯೋಚ್ನೆ ಮಾಡಿ, ತಡವರಿಸಿದ್ರೆ ಬಿಡಿ. ಮತ್ತೆ, ಇಲ್ಲಿ ಮಾಡಿದ ಕೆಲಸಾನ ಗೇಮ್ ಬಿಡುಗಡೆ ಆಗೋವರ್ಗೂ ಹೊರಗೆ ತೋರಿಸೋ ಹಾಗಿಲ್ಲ, ಗೇಮ್ ಮಧ್ಯದಲ್ಲಿ ರದ್ದಾದ್ರೆ ಯಾವತ್ತೂ ತೋರಿಸೋಕಾಗಲ್ಲ, ಹಾಗಾಗಿ ಸಂಜೆ ಹೊತ್ತು ಸ್ವಂತದ್ದು ಏನಾದ್ರೂ ಮಾಡ್ತಿರಲೇಬೇಕು. ಕೆಲಸದ ಒಪ್ಪಂದದಲ್ಲಿ ಆ ಸ್ವಂತ ಕೆಲಸಾನೂ ಕಂಪನಿದೇ ಅಂತ ಬರ್ದಿದ್ಯಾ ಅಂತ ಸೈನ್ ಮಾಡೋ ಮುಂಚೆ ಓದ್ಕೊಳ್ಳಿ.

ಈ ದಾರಿಗೆ ಒಂದು ಚಿಕ್ಕ ಕವಲು ಇದೆ, ಮಾಡಿಂಗ್. ಇರೋ ಗೇಮನ್ನೇ ಬದಲಾಯಿಸಿ ಹೊಸದು ಕಟ್ಟೋದು. ಕೌಂಟರ್ ಸ್ಟ್ರೈಕ್ 1999ರಲ್ಲಿ ಹಾಫ್ ಲೈಫ್‌ನ ಮಾಡ್ ಆಗಿ ಶುರುವಾಗಿದ್ದು, ಮಿನ್ ಲೀ ಮತ್ತು ಜೆಸ್ ಕ್ಲಿಫ್ ಮಾಡಿದ್ದನ್ನ ನೋಡಿ ಹಾಫ್ ಲೈಫ್ ಮಾಡಿದ ವಾಲ್ವ್ ಕಂಪನಿ ಗೇಮನ್ನೂ ತಗೊಂಡು ಅವರನ್ನೂ ಕೆಲಸಕ್ಕೆ ತಗೊಳ್ತು. ಲೆವೆಲ್ ಡಿಸೈನರ್ ಆಗ್ಬೇಕು ಅನ್ನೋರಿಗೆ ಇವತ್ತೂ ಇದು ಕಮ್ಮಿ ಖರ್ಚಿನ ಒಳ್ಳೇ ಅಭ್ಯಾಸ, ಯಾಕಂದ್ರೆ ಓಡೋದು ಹಾರೋದು ಎಲ್ಲ ಆಗ್ಲೇ ಚೆನ್ನಾಗಿರುತ್ತೆ, ನೀವು ಜಾಗ ಕಟ್ಟೋದರ ಬಗ್ಗೆ ಮಾತ್ರ ತಲೆ ಕೆಡಿಸ್ಕೊಂಡ್ರೆ ಸಾಕು.

ಸ್ವಂತ ಗೇಮ್

ಎಲ್ಲರೂ ಸ್ಟಾರ್‌ಡ್ಯೂ ವ್ಯಾಲಿ ಕಥೆ ಹೇಳ್ತಾರೆ. ಎರಿಕ್ ಬರೋನ್ ಒಬ್ಬರೇ ಸುಮಾರು ನಾಲ್ಕೂವರೆ ವರ್ಷ ಕೂತು ಮಾಡಿ 2016ರಲ್ಲಿ ಬಿಟ್ಟ ಗೇಮ್, ನಿಜ. ಆದ್ರೆ ಆ ವರ್ಷಗಳಲ್ಲಿ ಅವರು ಥಿಯೇಟರಲ್ಲಿ ಜನಕ್ಕೆ ಸೀಟು ತೋರಿಸೋ ಪಾರ್ಟ್ ಟೈಮ್ ಕೆಲಸ ಮಾಡ್ತಿದ್ರು, ಮನೆ ನಡೆಯೋದಕ್ಕೆ ಜೊತೇಲಿದ್ದ ಗೆಳತಿ ಸಂಪಾದನೆ ಆಸರೆ ಆಗಿತ್ತು, ಕೈಯಲ್ಲಿ ಕಂಪ್ಯೂಟರ್ ಸೈನ್ಸ್ ಡಿಗ್ರಿ ಇತ್ತು. ಈ ಮೂರೂ ನಿಮಗಿದ್ಯಾ ನೋಡ್ಕೊಳ್ಳಿ. ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಒಂದು ಗೇಮ್ ಹಾಕೋಕೆ 100 ಡಾಲರ್ ಕಟ್ಟಿದ್ರೆ ಸಾಕು, ಅದಕ್ಕೇ 2024 ಒಂದೇ ವರ್ಷದಲ್ಲಿ 18,000ಕ್ಕೂ ಜಾಸ್ತಿ ಗೇಮ್ ಅಲ್ಲಿಗೆ ಬಂದ್ವು, ಅದ್ರಲ್ಲಿ ನಿಮ್ದು ಕಣ್ಣಿಗೆ ಬೀಳೋದೇ ಒಂದು ಸಾಹಸ.

ಕಲಿಕೆ ಮಟ್ಟಿಗೆ ಹೇಳೋದಾದ್ರೆ ಇದರಷ್ಟು ಕಲಿಸೋದು ಬೇರೆ ಇಲ್ಲ, ಪ್ರತಿ ತೀರ್ಮಾನಾನೂ ನಿಮ್ದೇ. ಆದ್ರೆ ಜೀವನೋಪಾಯ ಅಂತ ನೋಡಿದ್ರೆ ಐದರಲ್ಲಿ ಇದೇ ಜಾಸ್ತಿ ಕೈ ಕಚ್ಚೋದು. ನನ್ನ ಸಲಹೆ, ಇದನ್ನ ಪ್ರತ್ಯೇಕ ದಾರಿ ಅಂತ ಇಟ್ಕೊಳ್ಳದೆ ಬೇರೆ ನಾಲ್ಕರಲ್ಲಿ ಯಾವ್ದರ ಜೊತೆಗಾದ್ರೂ ಚಿಕ್ಕದಾಗಿ ಇಟ್ಕೊಳ್ಳಿ, ಮೂರು ತಿಂಗಳಲ್ಲಿ ಮುಗಿಯೋ ಅಷ್ಟು ಚಿಕ್ಕದು.

ಇಂಜಿನ್ ಯಾವ್ದು ಅಂತ ಕೇಳೋರಿಗೆ ಇಲ್ಲೇ ಹೇಳ್ಬಿಡ್ತೀನಿ. ಯೂನಿಟಿ, ಅನ್‌ರಿಯಲ್, ಗೊಡೊ ಮೂರನ್ನೂ ದುಡ್ಡು ಕೊಡದೆ ಕಲೀಬಹುದು. ದೊಡ್ಡ ತ್ರೀಡಿ ಸ್ಟುಡಿಯೊ ಕಡೆ ಕಣ್ಣಿದ್ರೆ ಅನ್‌ರಿಯಲ್, ಮೊಬೈಲ್ ಕಡೆ ಇದ್ರೆ ಯೂನಿಟಿ, ಚಿಕ್ಕ ಟೂಡಿ ಗೇಮ್ ಬೇಗ ಮುಗಿಸ್ಬೇಕು ಅಂದ್ರೆ ಗೊಡೊ. 2023ರಲ್ಲಿ ಯೂನಿಟಿ ಪ್ರತಿ ಇನ್‌ಸ್ಟಾಲ್‌ಗೂ ಫೀಸ್ ಹಾಕ್ತೀವಿ ಅಂತ ಹೇಳಿ ಗಲಾಟೆ ಆಗಿ 2024ರಲ್ಲಿ ಅದನ್ನ ಕೈಬಿಟ್ಟಿತು, ಆಗ ಎಷ್ಟೋ ಜನ ಬೇರೆ ಇಂಜಿನ್‌ಗೆ ಹೋದ್ರು. ಒಂದ್ರಲ್ಲಿ ಗಟ್ಟಿ ಆದೋರಿಗೆ ಇನ್ನೊಂದಕ್ಕೆ ಹೋಗೋದು ದೊಡ್ಡ ಕಷ್ಟ ಅಲ್ಲ, ಇದಕ್ಕೆ ವಾರಗಟ್ಟಲೆ ತಲೆ ಕೆಡಿಸ್ಕೊಬೇಡಿ.

ಯಾವ ದಾರಿ ಆದ್ರೂ ಪೋರ್ಟ್‌ಫೋಲಿಯೊ ಒಂದೇ

ಡಿಸೈನರ್ ಪೋರ್ಟ್‌ಫೋಲಿಯೊ ಅಂದ್ರೆ ಚಂದದ ಸ್ಕ್ರೀನ್‌ಶಾಟ್ ಅಲ್ಲ. ಒಂದು ಪುಟ ಹೇಗಿರ್ಬೇಕು ಹೇಳ್ತೀನಿ. ಮೇಲೆ ಅರ್ಧ ನಿಮಿಷದ ವಿಡಿಯೊ, ಕೆಳಗೆ ಲೆವೆಲ್‌ನ ನಕ್ಷೆ ಎರಡು, ಮೊದಲನೇ ಆವೃತ್ತಿ ಮತ್ತು ನಾಲ್ಕನೇದು, ಅಕ್ಕಪಕ್ಕ, ಎರಡೂ ಆರ್ಟ್ ಹಾಕದೆ ಬರೀ ಬೂದು ಡಬ್ಬಗಳಲ್ಲೇ ಕಟ್ಟಿರೋದು. ಕೆಳಗೆ ನಾಲ್ಕೇ ಸಾಲು: ಮೊದಲನೇದ್ರಲ್ಲಿ ಆಡಿದ ಎಂಟು ಜನರಲ್ಲಿ ಆರು ಜನ ಏಣಿ ನೋಡ್ಲೇ ಇಲ್ಲ, ಒಳಗೆ ಬರ್ತಿದ್ದ ಹಾಗೆ ಎಲ್ಲರೂ ಎಡಕ್ಕೆ ತಿರುಗಿ ಬಾಗಿಲ ಕಡೆ ಹೋಗ್ತಿದ್ರು, ಬಾಣದ ಗುರುತು ಹಾಕೋ ಬದಲು ಎಡಗಡೆ ಬಾಗಿಲು ಮುಚ್ಚಿ ಏಣಿ ಪಕ್ಕ ಉರಿಯೋ ದೀಪ ಇಟ್ಟೆ, ಆಮೇಲಿನ ಎಂಟು ಜನರಲ್ಲಿ ಒಬ್ಬರು ಮಾತ್ರ ತಪ್ಪಿಸ್ಕೊಂಡ್ರು. ಕೊನೇಲಿ ತಂಡದಲ್ಲಿ ನೀವು ಮಾಡಿದ್ದೇನು, ಬೇರೆಯವರು ಮಾಡಿದ್ದೇನು ಅಂತ ಸ್ಪಷ್ಟವಾಗಿ. ಇಂಥ ಮೂರು ಪುಟ ಇರೋರನ್ನ ಇಂಟರ್‌ವ್ಯೂಗೆ ಕರೀಬೇಕು ಅಂತ ನೋಡೋರಿಗೆ ಅನ್ಸುತ್ತೆ, ಡಿಗ್ರಿ ಹೆಸರು ಏನೇ ಇರ್ಲಿ.

ಯಾರಿಗೆ ಯಾವ್ದು

ಕಂಪ್ಯೂಟರ್ ಸೈನ್ಸ್ ಮಾಸ್ಟರ್ಸಲ್ಲಿ ಒಂದು ವರ್ಷ ಆಗ್ಲೇ ಕಳೆದಿದೆ ಅನ್ನೋರು ಬಿಟ್ಟು ಹೋಗೋದು ಬೇಡ. ಥೀಸಿಸ್ ತಿರುಗಿಸ್ಕೊಳ್ಳಿ, ಜಾಮ್ ಮಾಡಿ, ಗೇಮ್‌ಪ್ಲೇ ಪ್ರೋಗ್ರಾಮರ್ ಕೆಲಸಕ್ಕೆ ಅರ್ಜಿ ಹಾಕಿ. ಸಾಲ ಮಾಡದೆ ಓದೋಕೆ ಆಗಲ್ಲ, ಮನೆ ಜವಾಬ್ದಾರಿ ಇದೆ ಅನ್ನೋರಿಗೂ ಇದೇ ನನ್ನ ಮಾತು, ಸ್ಕಾಲರ್‌ಶಿಪ್ ಕೈಗೆ ಬರೋವರ್ಗೂ ಗೇಮ್ ಮಾಸ್ಟರ್ಸ್ ಪಕ್ಕಕ್ಕಿಡಿ.

ಡಿಗ್ರೀಲಿ ಸಾಹಿತ್ಯ, ಆರ್ಟ್ ಓದಿ ಇಂಜಿನ್ ಮುಟ್ಟೇ ಇಲ್ಲ, ಗೇಮ್ ಮಾಡೋರು ಯಾರೂ ಗೊತ್ತಿಲ್ಲ, ಆದ್ರೆ ಎರಡು ವರ್ಷ ಓದೋ ಅನುಕೂಲ ಇದೆ ಅನ್ನೋರಿಗೆ ಗೇಮ್‌ಗೇ ಮೀಸಲಾದ ಕೋರ್ಸು ನಿಜವಾಗ್ಲೂ ಜಾಸ್ತಿ ಕೊಡುತ್ತೆ, ತಂಡ ಮತ್ತು ಡೆಡ್‌ಲೈನ್ ಎರಡೂ ಒಂದೇ ಕಡೆ ಸಿಗುತ್ತೆ. ಸೈಕಾಲಜಿ, ಡೇಟಾ ಕಡೆಯೋರು ಪಿಎಚ್‌ಡಿ ಬಗ್ಗೆ ತೀರ್ಮಾನ ಮಾಡೋ ಮುಂಚೆ ಯೂಸರ್ ರಿಸರ್ಚ್‌ನಲ್ಲಿ ಒಂದು ಇಂಟರ್ನ್‌ಶಿಪ್ ಹುಡ್ಕಿ.

ಕೈಯಲ್ಲಿ ಸೀಟೂ ಇದೆ, ಸ್ಟುಡಿಯೊ ಕೆಲಸಾನೂ ಬಂದಿದೆ ಅಂತ ಒದ್ದಾಡ್ತಿರೋರು ಮೊದಲು ಯೂನಿವರ್ಸಿಟಿಗೆ ಒಂದು ಇಮೇಲ್ ಹಾಕಿ, ಸೀಟು ಒಂದು ವರ್ಷ ಮುಂದಕ್ಕೆ ಹಾಕೋಕಾಗುತ್ತಾ ಅಂತ. ಕೆಲವು ಕಡೆ ಒಪ್ತಾರೆ. ಒಪ್ಪಿದ್ರೆ ಕೆಲಸಕ್ಕೆ ಸೇರಿ, ಒಂದು ವರ್ಷದಲ್ಲಿ ಡಿಸೈನ್ ಟೀಮ್ ಹತ್ರಕ್ಕೆ ಹೋಗೋಕಾಯ್ತಾ ಇಲ್ವಾ ಅಂತ ತಿಳಿದುಹೋಗುತ್ತೆ, ಆಗ್ಲಿಲ್ಲ ಅಂದ್ರೆ ಸೀಟು ಇದ್ದೇ ಇದೆ. ಒಪ್ಪಲಿಲ್ಲ ಅಂದ್ರೆ ಆ ಕೆಲಸದಲ್ಲಿ ಇಂಜಿನ್ ಒಳಗೆ ಕೂತು ಮಾಡೋದು ಏನಾದ್ರೂ ಇದ್ಯಾ ನೋಡಿ. ಇದ್ರೆ ಕೆಲಸಾನೇ ತಗೊಳ್ಳಿ, ಬರೀ ಕಾಂಟ್ರಾಕ್ಟ್ ಟೆಸ್ಟಿಂಗ್ ಆಗಿದ್ದು ಫೀಸ್ ಕಟ್ಟೋ ಶಕ್ತಿ ನಿಮಗಿದ್ರೆ ಸೀಟು ತಗೊಳ್ಳಿ.